ಪದಚರ್ಚೆ: ಕೆರೆದಂಡೆಯ ಫಲಕಕ್ಕೆ ‘ಜೌಗು ಪ್ರದೇಶ’ ಸರಿಯೇ? ಶನಿವಾರದೊಳಗೆ ಬೇಕು

ಗದಗದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಒಂದು ಕೆರೆಯ ದಂಡೆಗೆ ಫಲಕ ಬರೆಸಬೇಕಿದೆ. ಫೆಬ್ರುವರಿ 2ಕ್ಕೆ ನಿಲ್ಲಿಸಬೇಕು, ಪೇಂಟರ್ ಶನಿವಾರ ಬರುತ್ತಾರೆ. ತಗಡು ಆರಡಿ ಅಗಲ, ನಾಲ್ಕಡಿ ಎತ್ತರ. ಇಂಗ್ಲಿಷ್ ಪಠ್ಯದಲ್ಲಿ ವೆಟ್‌ಲ್ಯಾಂಡ್, ಹ್ಯಾಬಿಟ್ಯಾಟ್, ಕನ್ಸರ್ವೇಶನ್ ರಿಸರ್ವ್ ಮೂರೂ ಇವೆ. ಕನ್ನಡದ ಕರಡಿನಲ್ಲಿ ‘ಜೌಗು ಪ್ರದೇಶ’, ‘ಆವಾಸಸ್ಥಾನ’, ‘ಸಂರಕ್ಷಣಾ ಮೀಸಲು’ ಎಂದಿದೆ. ಪಕ್ಕದ ಶಾಲೆಯ ಗೋಡೆಗೆ ಇನ್ನೊಂದು ಚಿಕ್ಕ ಫಲಕ: ರಾಷ್ಟ್ರೀಯ ಉದ್ಯಾನವನ, ಅಭಯಾರಣ್ಯ ಮೊದಲಾದವುಗಳ ವ್ಯತ್ಯಾಸ, ಒಂದೊಂದೇ ಸಾಲಿನಲ್ಲಿ.

ನನ್ನ ಅನುಮಾನ ಇಷ್ಟು. ಈ ಕೆರೆಯ ನೀರು ಮಾರ್ಚ್ ಹೊತ್ತಿಗೆ ಅರ್ಧಕ್ಕರ್ಧ ಹಿಂದೆ ಸರಿಯುತ್ತದೆ, ಎರೆಮಣ್ಣು ಬಿರುಕು ಬಿಡುತ್ತದೆ. ಅದನ್ನೂ ‘ಜೌಗು’ ಅನ್ನಬಹುದೇ? ‘ತೇವಭೂಮಿ’, ‘ಆರ್ದ್ರಭೂಮಿ’, ‘ತರಿಭೂಮಿ’ ಇವೂ ಕಣ್ಣಿಗೆ ಬಿದ್ದಿವೆ. ಫಲಕ ಓದುವವರು ಎಮ್ಮೆ ಮೇಯಿಸುವವರು, ಶೇಂಗಾ-ಕಡಲೆ ಬೆಳೆಯುವವರು.

ಮೈಸೂರಿನಿಂದ:

‘ನೀರ್ನೆಲ’ ಎಂದು ಬರೆಯಿಸಿ. ನೀರು, ನೆಲ ಎರಡೂ ನಮ್ಮ ಮಾತುಗಳೇ. ‘ತೇವಭೂಮಿ’ಯಲ್ಲಿ ತೇವದ ಬೆನ್ನಿಗೆ ಭೂಮಿಯನ್ನು ಕಟ್ಟಿದ್ದು ಕಿವಿಗೆ ಹೊಂದುವುದಿಲ್ಲ. ‘ಆರ್ದ್ರ’ವನ್ನು ಹಳ್ಳಿಯವರ ಬಾಯಲ್ಲಿ ಆಡಿಸಿ ನೋಡಿ, ಮಳೆ ನಕ್ಷತ್ರವೊಂದೇ ನೆನಪಾಗುತ್ತದೆ. ‘ಆವಾಸಸ್ಥಾನ’ ಏಕೆ? ಆವಾಸ ಎಂದರೇ ಇರುವ ಜಾಗ, ಅದಕ್ಕೆ ಮತ್ತೆ ಸ್ಥಾನವೇ? ‘ನೆಲೆ’ ಸಾಕು. ಮೂರರಲ್ಲಿ ಒಪ್ಪುವಂಥದ್ದು ‘ಮೀಸಲು’ ಒಂದೇ. ದೇವರಿಗೆಂದು ತೆಗೆದಿಟ್ಟ, ಯಾರೂ ಮುಟ್ಟದ ಹಾಲನ್ನು ಮೀಸಲು ಹಾಲು ಎನ್ನುತ್ತೇವೆ. ಮುಟ್ಟದೆ ಕಾಯುವುದು ಎಂಬ ಹುರುಳು ಆ ಮಾತಿನೊಳಗೇ ಇದೆ. ಮುಂದೆ ‘ಸಂರಕ್ಷಣಾ’ ಹಚ್ಚುವುದು ಹೊರೆ.

ಅಥಣಿಯಿಂದ:

ಬೇರೇನಾದರೂ ಬರೆಯಿರಿ, ‘ಜೌಗು’ ಮಾತ್ರ ಬೇಡ. ನಮ್ಮ ಕಡೆ ‘ಸವಳು-ಜವಳು’ ಎಂದರೆ ಕೆಟ್ಟುಹೋದ ಹೊಲ. ಕಾಲುವೆ ನೀರು ಅತಿಯಾಗಿ ಹಾಯಿಸಿದ ಎರೆಭೂಮಿಯಲ್ಲಿ ನೀರು ಬಸಿಯದೆ ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ. ಬಿಸಿಲಿಗೆ ನೀರು ಆರಿದಾಗ ಅದರೊಳಗಿನ ಉಪ್ಪು ಮೇಲೆ ಬಂದು ಬೆಳ್ಳಗೆ ಹೊಪ್ಪಳಿಕೆ ಕಟ್ಟುತ್ತದೆ, ಕಬ್ಬು ಹಳದಿಯಾಗುತ್ತದೆ. ಆ ಭೂಮಿಗೆ ರೈತ ಮಾಡುವುದು ಒಂದೇ: ಬಸಿಗಾಲುವೆ ತೋಡಿ ನೀರು ಹೊರಗೆ ಹಾಕುವುದು. ‘ಜೌಗು ಪ್ರದೇಶ ಸಂರಕ್ಷಿಸಿ’ ಎಂದು ಓದಿದವರಿಗೆ ಜವಳು ಕಾಯಬೇಕಂತೆ ಎಂದು ಅರ್ಥವಾಗುತ್ತದೆ. ಜೌಗು, ಜವುಗು, ಜವಳು ಎಲ್ಲ ಒಂದೇ ಬಳ್ಳಿಯವು. ಗದಗ ಜಿಲ್ಲೆಯಲ್ಲೂ ಈ ಮಾತು ಹೊಸದಲ್ಲ.

ಧಾರವಾಡದಿಂದ:

‘ನೀರ್ನೆಲ’ ಎಲ್ಲಿ ಬಳಕೆಯಲ್ಲಿದೆ? ಯಾವ ಊರಿನಲ್ಲಿ ಯಾರು ಆಡುತ್ತಾರೆ? ಇಲ್ಲದ ಪದವನ್ನು ತಗಡಿನ ಮೇಲೆ ಹುಟ್ಟಿಸಬೇಡಿ.

ಇರುವ ಪದ ‘ತರಿ’. ಪಹಣಿಯಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂದು ತಲೆಮಾರುಗಳಿಂದ ಬರೆದುಕೊಂಡು ಬಂದಿದ್ದಾರೆ. ಪಾರಸಿಯ ‘ತರ್’ ಎಂದರೆ ಒದ್ದೆ, ‘ಖುಷ್ಕ್’ ಎಂದರೆ ಒಣ. ಒಣಭೂಮಿಗೆ ಎದುರಾಗಿ ಒದ್ದೆಭೂಮಿಯನ್ನು ಹೇಳುವ, ರೈತನಿಗೆ ಬಾಯಿಪಾಠವಾಗಿರುವ ಪದ ಇದೊಂದೇ.

ಮೈಸೂರಿನಿಂದ:

ತರಿ–ಖುಷ್ಕಿ ಬರುವ ಮೊದಲು ನಮ್ಮವರಿಗೆ ಒದ್ದೆ ನೆಲ ಒಣ ನೆಲ ತಿಳಿದಿರಲಿಲ್ಲವೇ? ಕಲ್ಬರಹಗಳಲ್ಲಿ ಗದ್ದೆ, ಬೆದ್ದಲೆ ಎಂಬ ಜೋಡಿ ಮತ್ತೆ ಮತ್ತೆ ಬರುತ್ತದೆ. ಅದು ಇರುವಾಗ ಎರವಲಿಗೆ ಏಕೆ ಕೈಚಾಚಬೇಕು? ಇನ್ನು ನಾಗರಹೊಳೆಯ ಸುತ್ತ, ಕಾಡಿನ ನಡುವೆ ನೀರು ಜಿನುಗುವ ಹುಲ್ಲಿನ ಬಯಲಿಗೆ ‘ಹಡ್ಲು’ ಎನ್ನುತ್ತಾರೆ. ಆನೆ, ಕಾಟಿ ಮೇಯುವುದು ಅಲ್ಲೇ. ವೆಟ್‌ಲ್ಯಾಂಡ್‌ಗೆ ಇದಕ್ಕಿಂತ ಒಳ್ಳೆಯ ಕನ್ನಡ ಬೇಕೇ?

ಕುಮಟೆಯಿಂದ:

ಪದದ ಹುಟ್ಟು ಆಮೇಲೆ. ಯಾವುದಕ್ಕೆ ಪದ ಹುಡುಕುತ್ತಿದ್ದೇವೆ ಎಂದು ಮೊದಲು ನೋಡೋಣ.

1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸಾರ್ ಊರಿನಲ್ಲಿ ವೆಟ್‌ಲ್ಯಾಂಡ್‌ಗಳ ರಕ್ಷಣೆಗೆ ಆದ ಒಪ್ಪಂದದ ವ್ಯಾಖ್ಯೆಯಲ್ಲಿ ಜೌಗು ಮೊದಲ ಬಗೆ ಮಾತ್ರ. ಅದರ ಜೊತೆಗೆ ಸಹಜವಾಗಿ ಆದದ್ದು, ಮನುಷ್ಯ ಕಟ್ಟಿದ್ದು, ವರ್ಷವಿಡೀ ನೀರಿರುವುದು, ಕೆಲವು ತಿಂಗಳು ಮಾತ್ರ ಇರುವುದು, ನಿಂತ ನೀರು, ಹರಿಯುವ ನೀರು, ಸಿಹಿ, ಸವುಳು, ಉಪ್ಪು ಎಲ್ಲವೂ ಸೇರುತ್ತವೆ. ಸಮುದ್ರವಾದರೆ ಇಳಿತದಲ್ಲಿ ಆರು ಮೀಟರ್ ಆಳದವರೆಗೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಗದಗದವರ ಬಿರುಕು ಬಿಟ್ಟ ಕೆರೆ ಇದರೊಳಗೆ ಬರುತ್ತದೆ, ಆದರೆ ಅದು ಜೌಗಲ್ಲ. ನಮ್ಮ ಅಘನಾಶಿನಿ ಅಳಿವೆಯ ಕಾಂಡ್ಲಾ ಕಾಡು (ಮ್ಯಾಂಗ್ರೋವ್) ಬರುತ್ತದೆ, ಬಳಚು ಎಂಬ ಚಿಪ್ಪುಜೀವಿ ತೆಗೆಯುವ ಮರಳದಿಬ್ಬ ಬರುತ್ತದೆ, ಗಜನಿಯೂ ಬರುತ್ತದೆ. ಗಜನಿ ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುವ ಗದ್ದೆ. ಕೊಯ್ಲಾದ ಮೇಲೆ ಭರತದ (ಸಮುದ್ರದ ಉಬ್ಬರದ) ನೀರು ಒಳಗೆ ಬಿಟ್ಟರೆ ಅದೇ ನೆಲ ಸಿಗಡಿ, ಮೀನಿನ ನೀರು. ಅದನ್ನು ‘ಹಡ್ಲು’ ಎಂದರೆ ಇಲ್ಲಿ ಯಾರಿಗೂ ಅರ್ಥವಾಗದು, ಬಂಡೀಪುರದಲ್ಲಿ ‘ಗಜನಿ’ ಎಂದರೂ ಅಷ್ಟೇ. ಹಡ್ಲು, ಗಜನಿ, ಕೆರೆ ಇವೆಲ್ಲ ಬಗೆಗಳು. ವೆಟ್‌ಲ್ಯಾಂಡ್ ಎಂಬುದು ಬಗೆಗಳ ಒಟ್ಟು ಹೆಸರು, ಅಂಥದ್ದು ನಮ್ಮ ಆಡುಮಾತಿನಲ್ಲಿ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ.

ಬೆಂಗಳೂರಿನಿಂದ:

‘ತರಿ’ ಬರೆಯಲೇಬೇಡಿ. ಕಾರಣ ವ್ಯುತ್ಪತ್ತಿಯಲ್ಲ, ಕಾನೂನು. ಕಂದಾಯದ ‘ತರಿ’ ಎಂದರೆ ಭತ್ತದ ಗದ್ದೆ. ಕೇಂದ್ರದ 2017ರ ವೆಟ್‌ಲ್ಯಾಂಡ್ ನಿಯಮಗಳು ಭತ್ತದ ಗದ್ದೆಯನ್ನು ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಕಾನೂನು ಯಾವುದನ್ನು ಬಿಟ್ಟಿದೆಯೋ ಅದರ ಹೆಸರನ್ನೇ ಕೆರೆಗೆ ಇಟ್ಟ ಹಾಗಾಗುತ್ತದೆ.

ಅದೇ ನಿಯಮ ಕುಡಿಯುವ ನೀರಿಗಾಗಿ, ನೀರಾವರಿಗಾಗಿ ಕಟ್ಟಿದ ಜಲಕಾಯಗಳನ್ನೂ ಹೊರಗಿಟ್ಟಿದೆ. ನಮ್ಮ ಕೆರೆಗಳಲ್ಲಿ ಬಹುಪಾಲು ನೀರಾವರಿಗೆ ಕಟ್ಟಿದವೇ. ರಾಮ್ಸಾರ್ ಪಟ್ಟಿಗೆ ಸೇರಿದವಕ್ಕೆ ನಿಯಮದ ರಕ್ಷಣೆ ಇದೆ: ರಂಗನತಿಟ್ಟು 2022ರಲ್ಲಿ ಸೇರಿತು, ಗದಗ ಜಿಲ್ಲೆಯ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ 2024ರಲ್ಲಿ ಸೇರಿದವು. ಗದಗದವರೇ, ನೀವು ಹೇಳುತ್ತಿರುವುದು ಮಾಗಡಿ ಕೆರೆಯಲ್ಲ ಎಂದುಕೊಳ್ಳುತ್ತೇನೆ. ನಿಮ್ಮ ಕೆರೆಗೆ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಕಲಂ 36ಎ ಪ್ರಕಾರ ಅಧಿಸೂಚನೆ ಆಗಿದೆಯೇ? ಆಗಿಲ್ಲವಾದರೆ ‘ಸಂರಕ್ಷಣಾ ಮೀಸಲು’ ಎಂದು ಬರೆಯುವ ಹಾಗಿಲ್ಲ. ಆಗಿದ್ದರೆ ‘ಸಂರಕ್ಷಣಾ’ ಬಿಡುವ ಹಾಗಿಲ್ಲ, ಮೈಸೂರಿನವರಿಗೆ ಎಷ್ಟೇ ಹೊರೆ ಎನಿಸಲಿ. ಅದು ಕಾಯ್ದೆಯೊಳಗಿನ ಹೆಸರು.

ಶಾಲೆಯ ಫಲಕಕ್ಕೆ ನಾಲ್ಕು ಸಾಲು:

ರಾಷ್ಟ್ರೀಯ ಉದ್ಯಾನ: ನಾಗರಹೊಳೆ, ಕುದುರೆಮುಖ. ಒಳಗೆ ದನ ಮೇಯಿಸುವಂತಿಲ್ಲ.
ವನ್ಯಜೀವಿಧಾಮ: ರಂಗನತಿಟ್ಟು. ಜನರ ಕೆಲವು ಹಕ್ಕುಗಳು ಅನುಮತಿಯಂತೆ ಮುಂದುವರಿಯಬಹುದು.
ಸಂರಕ್ಷಣಾ ಮೀಸಲು: ಮಾಗಡಿ ಕೆರೆ, ಅಂಕಸಮುದ್ರ. ಸರ್ಕಾರದ ಜಾಗ, ಸ್ಥಳೀಯರನ್ನು ಕೇಳಿ ಘೋಷಿಸಿದ್ದು.
ಸಮುದಾಯ ಮೀಸಲು: ಕೊಕ್ಕರೆ ಬೆಳ್ಳೂರು, 2007. ಊರವರು ತಾವಾಗಿ ಮುಂದೆ ಬಂದದ್ದು.

‘ಉದ್ಯಾನವನ’ದ ವನ ತೆಗೆದಿದ್ದೇನೆ, ಜಾಗ ಉಳಿಯುತ್ತದೆ. ‘ಅಭಯಾರಣ್ಯ’ ತಪ್ಪಲ್ಲ, ಆದರೆ ಕೆರೆಗೆ, ನದಿಯ ತಿಟ್ಟುಗಳಿಗೆ ಅರಣ್ಯ ಒಪ್ಪದು. ‘ಧಾಮ’ ಎಲ್ಲದಕ್ಕೂ ಸಲ್ಲುತ್ತದೆ.

ಮೈಸೂರಿನಿಂದ:

ಉದ್ಯಾನ ಎಂದರೆ ಹೂದೋಟ. ಹುಲಿ ಇರುವ ಕಾಡನ್ನು ಹೂದೋಟ ಎಂದು ಕರೆಯುವುದು ಇಂಗ್ಲಿಷಿನ ‘ಪಾರ್ಕ್’ ನೋಡಿ ಮಾಡಿದ ಕೆಲಸ. ಆ ಪಾರ್ಕ್ ಕೂಡ ಮೊದಲು ಬೇಟೆಗೆಂದು ಬೇಲಿ ಹಾಕಿದ ಕಾಡು. ಬಂಡೀಪುರದಲ್ಲಿ 1941ರಲ್ಲೇ ವೇಣುಗೋಪಾಲ ವನ್ಯಜೀವಿ ಪಾರ್ಕ್ ಎಂದು ಹೆಸರಿಟ್ಟಾಗ ಈ ಎಡವಟ್ಟು ಶುರುವಾಯಿತು. ‘ನಾಡಮೀಸಲು’ ಎನ್ನಲು ಏನು ತೊಂದರೆ?

ಧಾರವಾಡದಿಂದ:

ಮಗು ಪಠ್ಯಪುಸ್ತಕದಲ್ಲಿ ‘ರಾಷ್ಟ್ರೀಯ ಉದ್ಯಾನ’ ಓದಿ ಗೋಡೆಯ ಮೇಲೆ ‘ನಾಡಮೀಸಲು’ ನೋಡಿದರೆ ಅದು ಐದನೆಯ ಬಗೆ ಎಂದುಕೊಳ್ಳುತ್ತದೆ. ತೊಂದರೆ ಅದು. ಎರವಲು ಎಂದೊಡನೆ ಸಿಡುಕುವುದನ್ನು ಬಿಡಿ. ರಾಮ್ಸಾರ್ ಇರುವ ನಾಡಿನವರೇ ವೆಟ್‌ಲ್ಯಾಂಡ್‌ಗೆ ಇಟ್ಟ ಪದ ‘ತಾಲಾಬ್’. ಹೊಸದನ್ನು ಹುಟ್ಟಿಸಲಿಲ್ಲ, ಬಳಕೆಯಲ್ಲಿದ್ದ ಮಾತನ್ನೇ ಹಿಗ್ಗಿಸಿಕೊಂಡರು. ‘ಕೆರೆ’ಯನ್ನು ನಾವೂ ಹಾಗೆ ಹಿಗ್ಗಿಸಬಹುದು. ಫಲಕಕ್ಕೆ ‘ಕೆರೆ’ ಸಾಕು.

ಕುಮಟೆಯಿಂದ:

‘ಕೆರೆ’ ಒಂದೇ ಆದರೆ ಸಾಲದು. ಕೆರೆ ಎಂದೊಡನೆ ಇಲಾಖೆಯವರಿಗೂ ಊರವರಿಗೂ ಕಾಣುವುದು ಏರಿ, ತೂಬು, ಕೋಡಿ, ಎಷ್ಟು ನೀರು ಹಿಡಿಯುತ್ತದೆ ಎಂಬ ಲೆಕ್ಕ. ಅಭಿವೃದ್ಧಿ ಎಂದರೆ ಜೆಸಿಬಿ ಇಳಿಸಿ ದಡದಿಂದ ದಡಕ್ಕೆ ಒಂದೇ ಆಳಕ್ಕೆ ತೋಡುವುದು, ಅಂಚನ್ನು ನೆಟ್ಟಗೆ ಕಡಿದು ಕಲ್ಲು ಕಟ್ಟುವುದು, ಮೇಲೆ ನಡೆದಾಡುವ ದಾರಿ. ನೀರು ಹೆಚ್ಚು ಹಿಡಿಯುತ್ತದೆ, ಹಕ್ಕಿ ಹೋಗುತ್ತದೆ. ಏಕೆಂದರೆ ಗದ್ದೆಗೊರವಕ್ಕೆ ಬೇಕಾದ್ದು ಎರಡು ಬೆರಳು ನೀರು, ಅದರಡಿಯ ಮೆತ್ತನೆಯ ಕೆಸರು, ಅದರೊಳಗಿನ ಹುಳು. ಮೆಟ್ಟುಗಾಲು ಹಕ್ಕಿ ಗೇಣು ನೀರಿನವರೆಗೆ ಇಳಿದೀತು. ಮುಳುಗದೆ ತಲೆ ಬಗ್ಗಿಸಿ ಮೇಯುವ ಬಾತುಗಳಿಗೂ ಮೊಳದ ಆಳ ಹೆಚ್ಚೇ. ನೆಟ್ಟಗೆ ಕಡಿದ ದಡದಲ್ಲಿ ಈ ಮೂರೂ ಪಟ್ಟಿಗಳು ಇರುವುದೇ ಇಲ್ಲ, ಮೊದಲ ಹೆಜ್ಜೆಗೇ ಆಳ. ಇಳಿಜಾರಿದ್ದರೆ ನೀರು ಇಳಿಯುತ್ತಾ ಹೋದಂತೆ ದಿನಕ್ಕೊಂದು ಹೊಸ ಕೆಸರಪಟ್ಟಿ ತೆರೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಬರುವ ಹಕ್ಕಿಗೆ ಊಟ ಹಾಕುವುದು ಆ ಪಟ್ಟಿ.

ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳು ಇನ್ನೂ ಮುಂದೆ ಹೋಗುತ್ತವೆ. ತಂಗುವುದು ಕೆರೆಯಲ್ಲಿ, ಮೇಯುವುದು ಸುತ್ತಲಿನ ಹೊಲಗಳಲ್ಲಿ. ಕೆರೆಯ ವಿಸ್ತಾರ ಸುಮಾರು 50 ಹೆಕ್ಟೇರ್ ಮಾತ್ರ, ಅವುಗಳ ನೆಲೆ ಅದಕ್ಕಿಂತ ಎಷ್ಟೋ ದೊಡ್ಡದು.

ಈ ಅಂಚಿಗೆ, ನೀರು ಬಂದು ಹೋಗುವ ನೆಲಕ್ಕೆ, ಕನ್ನಡದಲ್ಲಿ ಸಿದ್ಧ ಮಾತಿದೆ: ‘ಕೆರೆಯಂಗಳ’. ‘ಕೆರೆ, ಕೆರೆಯಂಗಳ’ ಎಂದು ಜೋಡಿ ಬರೆಯಿರಿ. ಒಟ್ಟು ಹೆಸರು ಬೇಕಾದ ಕಡೆ, ವರದಿಯಲ್ಲಿ, ಪಾಠದಲ್ಲಿ ‘ತೇವಭೂಮಿ’ ಇರಲಿ.

ಅಥಣಿಯಿಂದ:

ಕೆರೆಯಂಗಳಕ್ಕೆ ನನ್ನದೂ ಒಪ್ಪಿಗೆ. ಆದರೆ ‘ಮಣ್ಣು ತೆಗೆಯಬೇಡಿ’ ಎಂದು ಬರೆಯಬೇಡಿ. ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಲಕ್ಕೆ ಹೇರುವುದು ಹಿಂದಿನಿಂದ ಬಂದ ಪದ್ಧತಿ, ಅದರಿಂದಲೇ ಕೆರೆ ಹೂಳದೆ ಉಳಿದದ್ದು. ತಡೆದರೆ ಊರೇ ಫಲಕದ ವಿರುದ್ಧ ನಿಲ್ಲುತ್ತದೆ. ಎಲ್ಲಿ, ಯಾವಾಗ ಎಂಬುದಷ್ಟೇ ಮುಖ್ಯ. ಹೆಬ್ಬಾತುಗಳು ಹೋದ ಮೇಲೆ, ಏಪ್ರಿಲ್–ಮೇನಲ್ಲಿ, ಏರಿಯ ಕಡೆಯ ಆಳದಿಂದ ತೆಗೆಯಲಿ. ಏರಿಯ ಬುಡಕ್ಕೆ ತಾಗಿ ಅಗೆದರೆ ಏರಿ ಜಾರುತ್ತದೆ, ಅಲ್ಲಿ ಅಂತರ ಬಿಡಬೇಕು. ಹಳ್ಳ ಬಂದು ಸೇರುವ ಕಡೆಯ ತೆಳುವಾದ ಇಳಿಜಾರನ್ನು ಮುಟ್ಟಬಾರದು. ಇಷ್ಟನ್ನು ತಗಡಿನ ಮೇಲೆ ಬರೆಯಲಾಗದು, ಗ್ರಾಮಸಭೆಯಲ್ಲಿ ಹೇಳಿ.

ಗದಗದಿಂದ:

ಎಲ್ಲರಿಗೂ ಧನ್ಯವಾದ. ಅಧಿಸೂಚನೆ ಆಗಿಲ್ಲ, ಹಾಗಾಗಿ ‘ಸಂರಕ್ಷಣಾ ಮೀಸಲು’ ತೆಗೆದೆ. ಪೇಂಟರ್ ಅಳತೆ ಹೇಳಿದ್ದಾರೆ: ಅಕ್ಷರ ಮೂರಿಂಚು, ಸಾಲಿನ ನಡುವೆಯೂ ಮೂರಿಂಚು. ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸುತ್ತ ನಾಲ್ಕಿಂಚು ಬಿಟ್ಟರೆ ಆರು ಸಾಲು, ಸಾಲಿಗೆ ಇಪ್ಪತ್ತು ಅಕ್ಷರ. ಅದಕ್ಕೆ ಹೊಂದಿಸಿದ್ದು:

ಈ ಕೆರೆ, ಕೆರೆಯಂಗಳ
ನೀರುಹಕ್ಕಿಗಳ ನೆಲೆ
ನೀರು ಬತ್ತಿದಾಗಲೂ ಇಲ್ಲಿ
ಕಸ, ಕಟ್ಟಡದ ಮಣ್ಣು ಸುರಿಯಬೇಡಿ
ಹಕ್ಕಿ ಹಿಡಿಯುವುದು, ಮೊಟ್ಟೆ ತೆಗೆಯುವುದು
1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ

ಬೆಂಗಳೂರಿನಿಂದ:

ಸರಿಯಿದೆ. 2017ರ ನಿಯಮ ಎಳೆದು ತರದಿದ್ದುದು ಒಳ್ಳೆಯದಾಯಿತು. ಅದರ 50 ಮೀಟರ್ ಕಟ್ಟಡ ನಿಷೇಧ ನಿಮ್ಮ ಕೆರೆಗೆ ತಾನಾಗಿ ಅನ್ವಯಿಸದು, ಬರೆದಿದ್ದರೆ ಯಾರಾದರೂ ಪ್ರಶ್ನೆ ಮಾಡುತ್ತಿದ್ದರು. ಹಕ್ಕಿ, ಮೊಟ್ಟೆ, ಗೂಡಿನ ರಕ್ಷಣೆಗೆ ಕೆರೆಯ ಅಧಿಸೂಚನೆ ಬೇಕಿಲ್ಲ.

ಮೈಸೂರಿನಿಂದ:

‘ನೆಲೆ’ ಉಳಿಸಿದ್ದಕ್ಕೆ ನಲಿವಾಯಿತು. ಕೊನೆಯ ಸಾಲಿನ ‘ಅಪರಾಧ’ವನ್ನು ‘ತಪ್ಪು’ ಎಂದು ತಿದ್ದಿ. ಎರಡು ಅಕ್ಷರವೂ ಉಳಿಯುತ್ತವೆ.

ಬೆಂಗಳೂರಿನಿಂದ:

ತಿದ್ದಬೇಡಿ. ತಪ್ಪಿಗೆ ಬೈಗುಳ, ಅಪರಾಧಕ್ಕೆ ಕೇಸು.