ಟ್ಯಾಟಿಂಗ್‌ಗೆ ಕನ್ನಡದಲ್ಲಿ ಏನನ್ನೋಣ? ಹೆಣೆಯುವುದೋ, ಕಟ್ಟುವುದೋ?

ಎಲ್ಲರಿಗೂ ನಮಸ್ಕಾರ. ಒಂದು ಪದ ಕೇಳೋಣ ಅಂತ ಬರೆಯಲು ಕೂತೆ, ಬರೆಯುತ್ತಾ ಅದು ಐದಾರು ಪದಗಳಾಗಿವೆ. ಸ್ವಲ್ಪ ಉದ್ದವಾಯಿತು, ಬೇಜಾರು ಮಾಡಿಕೊಳ್ಳಬೇಡಿ.

ನಾನು ಟ್ಯಾಟಿಂಗ್ ಲೇಸ್ ಮಾಡುತ್ತೇನೆ. ನೋಡಿಲ್ಲದವರಿಗೆ ಹೇಳುವುದಾದರೆ, ಬೆರಳುದ್ದದ ದೋಣಿಯಂಥ ಒಂದು ಪುಟ್ಟ ಸಾಮಾನು ಇರುತ್ತದೆ, ಇಂಗ್ಲಿಷಿನಲ್ಲಿ ಷಟಲ್, ಅದಕ್ಕೆ ನೂಲು ಸುತ್ತಿಕೊಳ್ಳಬೇಕು. ಅದೇ ನೂಲಿನ ತುದಿಯನ್ನು ಎಡಗೈ ಬೆರಳುಗಳ ಸುತ್ತ ಬಳೆಯ ಹಾಗೆ ಹಾಕಿಕೊಂಡು, ಆ ಬಳೆಯ ಮೇಲೆ ಸಾಲಾಗಿ ಸಣ್ಣ ಸಣ್ಣ ಗಂಟು ಹಾಕುತ್ತಾ ಹೋಗಬೇಕು. ಬೇಕಾದಷ್ಟು ಗಂಟಾದ ಮೇಲೆ ನೂಲು ಜಗ್ಗಿದರೆ ಬಳೆ ಕುಗ್ಗಿ ಉಂಗುರವಾಗುತ್ತದೆ. ಅಂಥ ಉಂಗುರಗಳನ್ನು ಒಂದಕ್ಕೊಂದು ಸೇರಿಸುತ್ತಾ ಹೋದರೆ ಲೇಸ್. ಕರವಸ್ತ್ರದ ಅಂಚಿಗೆ, ದಿಂಬಿನ ಚೀಲಕ್ಕೆ, ಮಗುವಿನ ಕುಲಾವಿಗೆ ಚೆನ್ನಾಗಿರುತ್ತದೆ.

ಕಲಿಸಿದ್ದು ಅತ್ತೆ. ಅವರು ಹುಡುಗಿಯಾಗಿದ್ದಾಗ ಕಾನ್ವೆಂಟಿನಲ್ಲಿ ಕಲಿತದ್ದಂತೆ. ಅಂಗಳದಲ್ಲಿ ಹಪ್ಪಳ ಹರಡಿ ಕಾಗೆ ಕಾಯುತ್ತಾ ಕೂತಾಗ, ತೋಟಕ್ಕೆ ನೀರು ಬಿಟ್ಟು ಇನ್ನೊಂದು ಸಾಲಿಗೆ ತಿರುಗಿಸುವ ತನಕ ಕಟ್ಟೆಯ ಮೇಲೆ ಕೂತಾಗ, ಸೊಂಟದ ಚೀಲದಿಂದ ಅದನ್ನು ತೆಗೆಯುತ್ತಾರೆ. ಹಾಲು ಉಕ್ಕಿತು ಅಂತ ಅರ್ಧಕ್ಕೆ ಬಿಟ್ಟು ಓಡಿದರೂ ತೊಂದರೆಯಿಲ್ಲ, ಎಲ್ಲ ಗಂಟೇ ಆದ್ದರಿಂದ ಬಿಚ್ಚಿಕೊಳ್ಳುವುದಿಲ್ಲ. ಕ್ರೋಶಾ ಹಾಗೆ ಬಿಟ್ಟು ಎದ್ದರೆ ಬೆಕ್ಕಿನ ಕೈಗೆ ಸಿಕ್ಕಿ ಮುಗಿಯಿತು ಕಥೆ. ಮಣ್ಣಿನ ಕೈಯಲ್ಲಿ ಮಾತ್ರ ಮುಟ್ಟಬಾರದು, ನನ್ನ ಮೊದಲ ಲೇಸು ಇವತ್ತಿಗೂ ಕೆಮ್ಮಣ್ಣಿನ ಬಣ್ಣದಲ್ಲೇ ಇದೆ.

ಈಗ ನಾದಿನಿಯ ಮಗಳಿಗೆ ಕಲಿಯುವ ಆಸೆ. ದೂರದಲ್ಲಿದ್ದಾಳೆ, ಕನ್ನಡದಲ್ಲಿ ಬರೆದು ಕಳಿಸಿ ಅತ್ತೆ ಅಂದಳು. ಸರಿ ಅಂತ ನೋಟ್‌ಬುಕ್ ತೆಗೆದರೆ ಮೊದಲನೇ ಸಾಲಿಗೇ ಪೆನ್ನು ನಿಂತಿತು. 'ಷಟಲ್ ತೆಗೆದುಕೊಂಡು' ಅಂತ ಬರೆಯಲೇ? ಒಂದು ಸಲ ಪೇಟೆಯಿಂದ ಫೋನು ಮಾಡಿ ಮಗನಿಗೆ, ನನ್ನ ಷಟಲ್ ಎಲ್ಲೋ ಬಿದ್ದಿದೆ ಹುಡುಕಿಡು ಅಂದಿದ್ದೆ. ಮನೆಗೆ ಬಂದರೆ ಮೇಜಿನ ಮೇಲೆ ಬ್ಯಾಡ್ಮಿಂಟನ್ನಿನ ಪುಕ್ಕದ ಷಟಲ್ ಇತ್ತು, ಅದೂ ಅಟ್ಟ ಹತ್ತಿ ಹುಡುಕಿ ತಂದದ್ದು! ಇದಕ್ಕೆ ನಮ್ಮಲ್ಲಿ ಲಾಳಿ ಅನ್ನುವ ಮಾತಿದೆಯಲ್ಲ. ಮಗ್ಗದಲ್ಲಿ ಹೊಕ್ಕಿನ ನೂಲು ಹೊತ್ತು ಅತ್ತಿಂದಿತ್ತ ಓಡುವುದು ಲಾಳಿ, ಇದೂ ನೂಲು ಹೊತ್ತು ಅತ್ತಿಂದಿತ್ತ ಓಡುತ್ತದೆ, ಆಕಾರವೂ ಹೆಚ್ಚುಕಡಿಮೆ ಅದೇ. ಹಾಗಾಗಿ ಲಾಳಿ ಅಂತಲೇ ಬರೆದೆ. ಕೆಲವು ಲಾಳಿಗಳ ಒಳಗೆ ತೆಗೆದು ಹಾಕುವ ಸಣ್ಣ ಬಾಬಿನ್ ಇರುತ್ತದೆ, ಅದಕ್ಕೆ ನೇಕಾರರ ಕಂಡಿಕೆ ಸರಿಹೋಗುತ್ತದಾ? ಮಗ್ಗದ ಮನೆಯವರು ಹೇಳಬೇಕು.

ಬೇರೆ ಭಾಷೆಯವರು ಈ ಕೆಲಸಕ್ಕೆ ಇಟ್ಟ ಹೆಸರು ನೋಡಿದರೆ ಮಜಾ ಇದೆ. ತುರ್ಕಿಯವರೂ ಫಿನ್ಲೆಂಡಿನವರೂ ಸುಮ್ನೆ ಲಾಳಿಯ ಲೇಸು ಅನ್ನುತ್ತಾರೆ. ಜರ್ಮನಿಯವರದು ಪುಟ್ಟ ದೋಣಿಯ ಕೆಲಸ, ಅವರ ಭಾಷೆಯಲ್ಲಿ ಲಾಳಿಗೂ ಪುಟ್ಟ ದೋಣಿಗೂ ಒಂದೇ ಪದ. ಇಟಲಿಯವರದು ಕ್ಯಾಕ್ಯೆರೀನೊ, ಅದು ಹರಟೆ ಹೊಡೆಯುವುದು ಅನ್ನುವ ಮಾತಿನಿಂದ ಬಂದದ್ದು. ಫ್ರಾನ್ಸಿನವರು ಇನ್ನೂ ಮುಂದೆ ಹೋಗಿ ಫ್ರಿವೊಲಿತೆ ಅಂದುಬಿಟ್ಟರು, ಅಂದರೆ ಹುಡುಗಾಟ, ಕೆಲಸಕ್ಕೆ ಬಾರದ್ದು. ಬೆನ್ನು ಬಗ್ಗಿಸಿ ಮೂರು ಗಂಟೆ ಕೂತರೆ ಒಂದು ಗೇಣು ಆಗುವ ಲೇಸಿಗೆ ಈ ಹೆಸರಾ ಅಂತ ನನಗೆ ಸಿಟ್ಟೇ ಬಂತು. ಇಂಗ್ಲಿಷಿನ ಟ್ಯಾಟಿಂಗ್ ಎಲ್ಲಿಂದ ಬಂತು ಅಂತ ನಿಘಂಟಿನವರಿಗೇ ಗೊತ್ತಿಲ್ಲ, ಮೂಲ ತಿಳಿಯದು ಅಂತ ಬರೆದು ಕೈತೊಳೆದುಕೊಂಡಿದ್ದಾರೆ.

ನನ್ನ ಮುಖ್ಯ ಪ್ರಶ್ನೆ ಕ್ರಿಯಾಪದದ್ದು. ಸ್ವೆಟರು ಹೆಣೆಯುತ್ತೇವೆ, ಸೀರೆ ನೇಯುತ್ತೇವೆ, ಕಸೂತಿ ಹಾಕುತ್ತೇವೆ. ಟ್ಯಾಟಿಂಗನ್ನು? ಲಾಳಿ ಇದೆ ಅಂತ ನೇಯುವುದು ಅನ್ನುವ ಹಾಗಿಲ್ಲ, ಹಾಸು-ಹೊಕ್ಕು ಎರಡೂ ಇಲ್ಲ. ಹೆಣಿಗೆಯಲ್ಲಿ ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಬರುತ್ತದೆ, ಇಲ್ಲಿ ಅದೂ ಇಲ್ಲ. ಹೀಗೆ ತಲೆ ಕೆಡಿಸಿಕೊಂಡಿದ್ದಾಗ ಒಂದು ಸಂಜೆ ಹಿತ್ತಲಿನ ಕಾಕಡ ಕೊಯ್ದು ತಂದು ಬಾಳೆನಾರಿನಲ್ಲಿ ದಂಡೆ ಕಟ್ಟುತ್ತಿದ್ದೆ. ಎರಡು ಹೂ ಆ ಕಡೆ, ಎರಡು ಹೂ ಈ ಕಡೆ ಇಟ್ಟು, ನಾರು ಸುತ್ತಿ, ಬೆರಳಲ್ಲಿ ಒಂದು ಕುಣಿಕೆ ತಿರುಚಿ ತೊಟ್ಟಿನ ಮೇಲೆ ಇಳಿಸಿ ಜಗ್ಗುತ್ತೇವಲ್ಲ, ಆ ತಿರುಚಿದ ಕುಣಿಕೆಯೇ ಟ್ಯಾಟಿಂಗಿನ ಅರ್ಧ ಗಂಟು! ಅದನ್ನೇ ಒಮ್ಮೆ ಹೀಗೆ, ಒಮ್ಮೆ ಅದರ ತಿರುಗುಮುರುಗು ಹಾಕಿದರೆ ಒಂದು ಪೂರ್ತಿ ಗಂಟು. ಅಲ್ಲಿ ಒಳಗೆ ಹೂವಿನ ತೊಟ್ಟಿದೆ, ಇಲ್ಲಿ ನೂಲಿದೆ, ಅಷ್ಟೇ. ಹಾಗಾದರೆ ಲೇಸು ಕಟ್ಟುವುದು ಅನ್ನೋಣವೇ? ಹೂ ಕಟ್ಟಲು ಬರುವ ಯಾರಿಗಾದರೂ ಕೈ ತಾನಾಗಿ ಅರ್ಥ ಮಾಡಿಕೊಳ್ಳುತ್ತದೆ. ಅರ್ಧದ್ದು ಅರೆಗಂಟು, ಪೂರ್ತಿಯದು ಜೋಡಿಗಂಟು ಅಂತ ಬರೆದಿಟ್ಟಿದ್ದೇನೆ. ಇಡೀ ಉಂಗುರ ಒಂದು ಜೀರುಗುಣಿಕೆ ಅಂದರೆ ಜಗ್ಗಿದಾಗ ಯಾಕೆ ಮುಚ್ಚುತ್ತದೆ ಅಂತ ಬೇರೆ ವಿವರಿಸಬೇಕಾಗಿಲ್ಲ.

ಇನ್ನು ನಿಜವಾದ ಕಗ್ಗಂಟು. ಟ್ಯಾಟಿಂಗ್ ಕಲಿಯುವವರೆಲ್ಲ ಅಳುವುದು ಇಲ್ಲೇ. ಗಂಟು ಹಾಕುವಾಗ ಮೊದಲು ಲಾಳಿಯ ನೂಲು ಬಳೆಯ ನೂಲಿಗೆ ಸುತ್ತಿಕೊಳ್ಳುತ್ತದೆ. ಅದನ್ನು ಹಾಗೇ ಬಿಗಿದರೆ ಗಂಟು ಕಚ್ಚಿ ಕೂರುತ್ತದೆ, ಉಂಗುರ ಜನ್ಮದಲ್ಲಿ ಮುಚ್ಚುವುದಿಲ್ಲ. ಎಡಗೈ ಬೆರಳು ಸಡಿಲ ಬಿಟ್ಟು ಲಾಳಿಯ ನೂಲನ್ನು ಬಿಗಿಯಾಗಿ ಎಳೆದಾಗ ಸುತ್ತು ಆ ನೂಲಿನಿಂದ ಈ ನೂಲಿಗೆ ಹಾರುತ್ತದೆ. ಆಗ ಲಾಳಿಯ ನೂಲು ನೆಟ್ಟಗೆ, ಸುತ್ತಿದ್ದು ಬಳೆಯ ನೂಲು. ಹೀಗೆ ಹಾರುವುದಕ್ಕೆ ಏನನ್ನಬೇಕು? ನಾನು ಮೊದಲು ಖುಷಿಯಿಂದ ಮಗುಚು ಅಂತ ಬರೆದೆ, ದೋಸೆ ಮಗುಚಿದ ಹಾಗೆ. ಎರಡು ಪುಟ ಮುಂದೆ ಹೋದ ಮೇಲೆ ತಪ್ಪು ಗೊತ್ತಾಯಿತು. ಒಂದು ಉಂಗುರ ಮುಗಿದ ಮೇಲೆ ಕೈಯಲ್ಲಿರುವ ಕೆಲಸವನ್ನೇ ಹಿಂದುಮುಂದು ತಿರುಗಿಸಬೇಕು, ನಿಜವಾಗಿ ದೋಸೆ ಮಗುಚುವುದು ಅದು! ಎರಡಕ್ಕೂ ಒಂದೇ ಪದವಾದರೆ ಹುಡುಗಿ ಏನು ಮಾಡಬೇಕು? ಅತ್ತೆಯನ್ನು ಕೇಳಿದೆ. "ಗಂಟು ಪಲ್ಟಿ ಹೊಡೀಬೇಕು ಕಣೇ, ಅಷ್ಟೂ ಗೊತ್ತಾಗಲ್ವಾ" ಅಂದರು. ಪಲ್ಟಿ ಚೆನ್ನಾಗಿದೆ, ಆದರೆ ನನಗೆ ಲಾರಿ ಕಣ್ಣಮುಂದೆ ಬರುತ್ತದೆ. ದಾಟು ಅಂದರೆ? 'ಗಂಟು ದಾಟಿತಾ ನೋಡು, ದಾಟಿದ್ದರೆ ಲಾಳಿಯ ನೂಲು ಜಗ್ಗಿದಾಗ ಸರಾಗ ಜಾರುತ್ತದೆ.' ಸದ್ಯ ಹೀಗೆ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಸಿಕ್ಕರೆ ದಯವಿಟ್ಟು ಹೇಳಿ.

ಗಂಟುಗಳ ನಡುವೆ ಬೇಕೆಂದೇ ಸ್ವಲ್ಪ ನೂಲು ಸಡಿಲ ಬಿಟ್ಟರೆ ಪುಟ್ಟ ಕುಣಿಕೆಗಳು ಎದ್ದು ನಿಲ್ಲುತ್ತವೆ, ಇಂಗ್ಲಿಷಿನಲ್ಲಿ ಪಿಕೋ. ಅಂದವೂ ಅದೇ, ಪಕ್ಕದ ಉಂಗುರವನ್ನು ಸೇರಿಸುವ ಜಾಗವೂ ಅದೇ. ಅತ್ತೆ ಕಿವಿ ಅನ್ನುತ್ತಾರೆ. ನನಗೆ ಚಕ್ಕುಲಿಯ ಮುಳ್ಳು ನೆನಪಾಗುತ್ತದೆ, ಆದರೆ ಮುಳ್ಳಿನೊಳಗೆ ನೂಲು ತೂರಿಸು ಅಂದರೆ ಅರ್ಥವಾಗದು, ಕಿವಿಯಾದರೆ ಓಲೆ ಹಾಕಿದ ಹಾಗೆ ತೂರಿಸಬಹುದು. ಕಿವಿಯೇ ಗೆದ್ದಿತು. ಧಾರವಾಡದ ಕಸೂತಿಯ ಹೆಂಗಸರು ಅಡ್ಡ ಹೊಲಿಗೆಗೆ ಮೆಂತೆ ಅಂತ ಹೆಸರಿಟ್ಟವರು ತಾನೇ, ಅಡಿಗೆಮನೆಯಿಂದಲೋ ಮೈಯಿಂದಲೋ ಪದ ತಂದರೆ ತಪ್ಪೇನೂ ಇಲ್ಲ. ಚೈನ್ ಅನ್ನುವುದನ್ನು ಮಾತ್ರ ಸರಪಳಿ ಅಂತ ಅನುವಾದಿಸಬೇಡಿ, ಕ್ರೋಶಾದ ಸರಪಳಿ ಬೇರೆಯೇ. ಇಲ್ಲಿ ಅದು ಉಂಡೆಯ ನೂಲನ್ನೂ ಸೇರಿಸಿಕೊಂಡು ಕಟ್ಟುವ ಬಾಗಿದ ತುಂಡು, ನೋಡಿದರೆ ಕಮಾನು.

ಹೀಗೆ ನನ್ನ ನೋಟ್‌ಬುಕ್ಕಿನ ಒಂದು ಸಾಲು: 'ಉಂಗುರ 5-5-5-5, ಮುಚ್ಚು, ಮಗುಚು, ಕಮಾನು 5-5, ಮಗುಚು.' ಅಂಕಿ ಜೋಡಿಗಂಟಿನ ಲೆಕ್ಕ, ನಡುವಿನ ಗೆರೆ ಕಿವಿ. ಓದಿದರೆ ಅರ್ಥವಾಗುತ್ತದಾ? ಹೂ ಕಟ್ಟುವಾಗ ತಿರುಚುವ ಆ ಕುಣಿಕೆಗೆ ನಿಮ್ಮ ಊರಲ್ಲಿ ಬೇರೆ ಹೆಸರಿದ್ದರೆ ಖಂಡಿತ ಬರೆಯಿರಿ. ನಮ್ಮ ಮನೆಯಲ್ಲಿ ದಿನಾ ಸಂಜೆ ಹಾಕುತ್ತೇವೆ, ಅದಕ್ಕೊಂದು ಹೆಸರೇ ಇಲ್ಲ.