ವೆಸ್ಟ್ ಎಂಡ್ ಶುರು ಮಾಡಿದ ಮಿಸೆಸ್ ಬ್ರಾನ್ಸನ್ ಯಾರು?

ಹಳೇದಂಡು:
ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯ ವೆಸ್ಟ್ ಎಂಡ್ ಹೋಟೆಲ್ ಗೊತ್ತಲ್ವಾ? 1887ರಲ್ಲಿ ಮಿಸೆಸ್ ಬ್ರಾನ್ಸನ್ ಎಂಬ ಇಂಗ್ಲಿಷ್ ಹೆಂಗಸು 10 ಕೋಣೆಗಳ ಬೋರ್ಡಿಂಗ್ ಹೌಸ್ ತೆರೆದರು ಅಂತ ಎಲ್ಲ ಕಡೆ ಇದೇ ಸಾಲು. ಒಬ್ಬರದ್ದನ್ನು ಇನ್ನೊಬ್ಬರು ಕಾಪಿ ಹೊಡೆದ ಹಾಗಿದೆ. ಆಕೆಯ ಸ್ವಂತ ಹೆಸರೇನು, ಗಂಡ ಯಾರು, ಎಲ್ಲಿಂದ ಬಂದರು? ಎಲ್ಲಿಂದ ಹುಡುಕಲಿ?

ಕಡತದ ಹುಳ:
ಗೂಗಲ್ ಬಿಡಿ ಸಾರ್, ಡೈರೆಕ್ಟರಿ ಹಿಡಿಯಿರಿ. ಥ್ಯಾಕರ್ಸ್ ಇಂಡಿಯನ್ ಡೈರೆಕ್ಟರಿ 1885ರಿಂದ ವರ್ಷ ವರ್ಷ ಬಂದಿದೆ. ಊರಿನ ಪಟ್ಟಿ ನೋಡಿ ಸುಮ್ನಾಗಬೇಡಿ, ಕೊನೆಯಲ್ಲಿ ನಿವಾಸಿಗಳ ಅಕ್ಷರಮಾಲೆ ಪಟ್ಟಿಯೂ ಇರುತ್ತದೆ. ಆಕೆ ಯಾವ ವರ್ಷ ಮೊದಲು ಕಾಣುತ್ತಾರೆ, ಪಕ್ಕದಲ್ಲಿ ಗಂಡನ ಹೆಸರಿದೆಯಾ, ಯಾವಾಗ ಮಾಯವಾಗುತ್ತಾರೆ, ಬರೆದಿಟ್ಟುಕೊಳ್ಳಿ. ಹೋಟೆಲ್ ನಡೆಸಿದವರೇ ಕಟ್ಟಡದ ಯಜಮಾನರು ಅಂತ ಅಂದುಕೊಳ್ಳಬೇಡಿ. ಬಂಗಲೆ ಬಾಡಿಗೆಗೆ ಹಿಡಿದು ಊಟ-ವಸತಿ ನಡೆಸುವುದು ಆಗ ಮಾಮೂಲು.

ಆಮೇಲೆ ಚರ್ಚ್ ದಾಖಲೆ. ದಂಡಿನ (ಕಂಟೋನ್ಮೆಂಟಿನ) ಪಾದ್ರಿಗಳು ಮದ್ರಾಸ್ ಆಡಳಿತದ ಕೆಳಗಿದ್ದರು. ಹಾಗಾಗಿ ಬೆಂಗಳೂರಿನ ಮದುವೆ, ಜ್ಞಾನಸ್ನಾನ, ಸಮಾಧಿಯ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಮದ್ರಾಸ್ ಕಟ್ಟಿನಲ್ಲಿ ಸಿಗುತ್ತವೆ, ಮೈಸೂರು ಅಂತ ಹುಡುಕಿದರೆ ಸಿಗುವುದಿಲ್ಲ. ಅವುಗಳ ಸೂಚಿಯನ್ನು ಫಿಬಿಸ್ (FIBIS, ಬ್ರಿಟಿಷ್ ಭಾರತದ ಕುಟುಂಬಗಳ ಇತಿಹಾಸ ಹುಡುಕುವವರ ಸಂಘ) ತಾಣದಲ್ಲಿ ದುಡ್ಡಿಲ್ಲದೆ ನೋಡಬಹುದು. ಮದುವೆ ದಾಖಲೆಯಲ್ಲಿ ವಧುವಿನ ಹೆಸರು, ವಯಸ್ಸು, ಕನ್ಯೆಯೋ ವಿಧವೆಯೋ, ತಂದೆಯ ಹೆಸರು ಎಲ್ಲ ಇರುತ್ತದೆ. ನಿಮಗೆ ಬೇಕಾದ್ದು ಅದೇ. ವಿಧವೆ ಅಂತಿದ್ದರೆ ಹುಡುಕಾಟ ಇನ್ನೊಂದು ಮನೆತನದ ಕಡೆ ತಿರುಗುತ್ತದೆ. ಹಾಗಾದರೆ ನಿಮ್ಮ ಕಷ್ಟ ಜಾಸ್ತಿ.

ಸೋಮಾರಿ ಓದುಗ:
‘ಇಂಗ್ಲಿಷ್ ಹೆಂಗಸು’ ಅನ್ನುವುದನ್ನು ನಾನಂತೂ ಕಣ್ಣುಮುಚ್ಚಿ ನಂಬಲ್ಲ. ಬ್ರಾನ್ಸನ್ ಎಂಬ ಹೆಸರು ಅಮೆರಿಕದಲ್ಲೂ ಇದೆ. 1867ರಲ್ಲಿ ಅಸ್ಸಾಮೀ ನಿಘಂಟು ತಂದ ಪಾದ್ರಿ ಮೈಲ್ಸ್ ಬ್ರಾನ್ಸನ್ ಅಲ್ಲಿಯವರೇ. ಮದ್ರಾಸಿನಲ್ಲಿ ಇನ್ನೊಂದು ಮನೆತನ ಇತ್ತು, ವರ್ಜಿನ್ ಕಂಪನಿಯ ರಿಚರ್ಡ್ ಬ್ರಾನ್ಸನ್ ಅವರ ಹಿರೀಕರು. ಆದರೆ ಅವರ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ‘ಓ’ ಜಾಗಕ್ಕೆ ‘ಎ’ (Bronson ಅಲ್ಲ, Branson). ಗುಮಾಸ್ತರು ಏನು ಬರೆದರೋ ಯಾರಿಗೆ ಗೊತ್ತು, ಎರಡನ್ನೂ ಹುಡುಕಿ. ಹೆಸರು ಹೊಂದಿತು ಅಂತ ನೆಂಟಸ್ತನ ಮಾತ್ರ ಕಟ್ಟಿಬಿಡಬೇಡಿ, ಬೆಂಗಳೂರಿನ ವಿಳಾಸವೂ ಸಿಕ್ಕಬೇಕು.

ಕಡತದ ಹುಳ:
ಸರಿಯಾಗಿ ಹೇಳಿದಿರಿ. ಇನ್ನೊಂದು ವಿಷಯ. 1881ರಲ್ಲಿ ಮೈಸೂರನ್ನು ಒಡೆಯರಿಗೆ ವಾಪಸ್ ಕೊಟ್ಟಾಗ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲೇ ಉಳಿಯಿತು. ಆದ್ದರಿಂದ ಬರೀ ಮೈಸೂರು ಸರ್ಕಾರದ ಕಡತ ತಿರುವಿದರೆ ಸಾಲದು. ಮೈಸೂರಿನಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಅಂದರೆ ರೆಸಿಡೆಂಟರ ಕಚೇರಿಯ ಕಡತಗಳನ್ನು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಕೇಳಿ. ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲೂ ಒಮ್ಮೆ ವಿಚಾರಿಸಿ. ಸಮಾಧಿ ಹುಡುಕಲು ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನಕ್ಕೆ ಓಡುವ ಮುಂಚೆ ಸಮಾಧಿ ದಾಖಲೆ ನೋಡಿ, ಆಕೆ ಊಟಿಯಲ್ಲೋ ಇಂಗ್ಲೆಂಡಿನಲ್ಲೋ ತೀರಿಕೊಂಡಿರಬಹುದು.

ಹಳೇದಂಡು:
ಥ್ಯಾಂಕ್ಸ್ ಇಬ್ಬರಿಗೂ. ಡೈರೆಕ್ಟರಿಯಿಂದಲೇ ಶುರು ಮಾಡುತ್ತೇನೆ, 1887ಕ್ಕಿಂತ ಎರಡು ವರ್ಷ ಹಿಂದಿನಿಂದ. ಯಾರ ಮನೆಯಲ್ಲಾದರೂ ‘ಬ್ರಾನ್ಸನ್ಸ್ ವೆಸ್ಟ್ ಎಂಡ್’ ಅಂತ ಅಚ್ಚಾದ ಹಳೇ ಬಿಲ್ಲೋ ಲೆಟರ್‌ಹೆಡ್ಡೋ ಇದ್ದರೆ ಫೋಟೋ ಹಾಕಿ, ಹಿಂಬದಿಯದ್ದೂ ಸೇರಿಸಿ.