ಪಾಸ್‌ಪೋರ್ಟ್ ಒಬ್ಬರ ಕೈಗೂ ಕೊಡಬೇಡ

ಹಾಂ ತಂಗಿ, ಕೇಳಿಸ್ತದಾ? ಗ್ರೂಪಿನಲ್ಲಿ ನಿನ್ನ ಮೆಸೇಜು ಈಗಷ್ಟೇ ನೋಡ್ದೆ. ನಿನ್ನ ತಮ್ಮನಿಗೆ ಕುವೈತಿನಲ್ಲಿ ಎಸಿ ರಿಪೇರಿ ಕೆಲಸ ಸಿಕ್ಕಿದೆ, ಏಜೆಂಟ ಒರಿಜಿನಲ್ ಪಾಸ್‌ಪೋರ್ಟ್ ತನ್ನ ಹತ್ರ ಇಡು ಅಂತಾನೆ, ವಿಸಿಟ್ ವೀಸಾದಲ್ಲಿ ಹೋದ್ರೂ ಅಡ್ಡಿಲ್ಲ, ಅಲ್ಲಿ ಬದಲು ಮಾಡ್ಸಿ ಕೊಡ್ತೆ ಅಂತಾನೆ, ಕೊಡೂದಾ ಬೇಡ್ವಾ ಅಂತ ಕೇಳಿದ್ದೀ. ಅದರ ಕೆಳಗೆ ಹನ್ನೊಂದು ಜನ ಕೈ ಮುಗಿದ ಚಿತ್ರ ಹಾಕಿದ್ದಾರೆ. ಕೊಡು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ.

ಬೇಡ. ಪಾಸ್‌ಪೋರ್ಟ್ ಒಬ್ಬರ ಕೈಗೂ ಕೊಡಬೇಡ.

ನಂದು ಎಂತಾಯ್ತು ಹೇಳ್ತೆ ಕೇಳು. 1990, ಆಗಸ್ಟ್ 2, ಗುರುವಾರ, ಇರಾಕು ಕುವೈತಿಗೆ ನುಗ್ಗಿದ ದಿನ. ಕುವೈತಿನ ಸಾಲ್ಮಿಯಾದಲ್ಲಿ ಒಂದು ರೂಮು, ನಾವು ಆರು ಜನ. ಸದಾಶಿವಗಡದ ಭಾವನೂ ಇದ್ದ, ನಿಮಗೆಲ್ಲ ಗೊತ್ತಿದ್ದದ್ದೇ. ಚಹಾಕ್ಕೆ ನೀರಿಡೂಕೆ ಎದ್ರೆ ಕೆಳಗೆ ರಸ್ತೆಯಲ್ಲಿ ಇರಾಕಿನ ಟ್ಯಾಂಕು. ಕಫೀಲ, ಅಂದ್ರೆ ನಮ್ಮ ಧಣಿ, ಸೆಕೆ ತಡೀಲಾರದೆ ಮನೆಮಂದಿ ಕಟ್ಕೊಂಡು ಲಂಡನ್ನಿಗೆ ಹೋಗಿದ್ದ. ಆರೂ ಜನರ ಪಾಸ್‌ಪೋರ್ಟ್ ಅವನ ಆಫೀಸಿನ ಹಸಿರು ಕಪಾಟಿನಲ್ಲಿ, ಚಾವಿ ಅವನ ಕಿಸೆಯಲ್ಲಿ. ಗಾಜಿನ ಬಾಗಿಲಾಚೆ ಕಪಾಟು ಕಾಣ್ತದೆ. ಒಡೆಯುವಾ ಅಂದ್ರೆ ಎದುರಿಗೇ ಬಂದೂಕು ಹಿಡಿದವ ನಿಂತಿದ್ದಾನೆ.

ಕಡೆಗೆ ನಮ್ಮ ಎಂಬೆಸಿಯವರು ಪಾಸ್‌ಪೋರ್ಟ್ ಬದಲಿಗೆ ಒಂದು ಕಾಗದ ಮಾಡಿ ಕೊಟ್ರು. ಅದಕ್ಕೆ ಫೋಟೋ ಬೇಕಲ್ಲ, ಸ್ಟುಡಿಯೋ ಎಲ್ಲಿಂದ ತರೂದು? ಗ್ಯಾರೇಜಿನ ಎದುರು ಎಲ್ಲ ಸೇರಿ ತೆಗೆಸಿದ ಫೋಟೋದಿಂದ ನನ್ನ ಮುಖ ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸ್ದೆ. ಭಾವನ ಅರ್ಧ ಕಿವಿಯೂ ಜೊತೆಗೇ ಬಂತು. ಆ ಅರ್ಧ ಕಿವಿ ನೋಡಿ ಚೆಕ್‌ಪೋಸ್ಟಿನವ ಇದು ಯಾರದ್ದು, ಅವ ಎಲ್ಲಿ ಅಂತ ಕೇಳ್ದ. ನಗೂಕೆ ಧೈರ್ಯ ಬೇಕಲ್ಲ ಮಾರಾಯ್ತಿ. ಬಸ್ರಾ, ಬಾಗ್ದಾದ್, ಅಲ್ಲಿಂದ ಮರುಭೂಮಿ ದಾಟಿ ಜೋರ್ಡಾನಿನ ಗಡಿ. ಪಾಸ್‌ಪೋರ್ಟ್ ಇದ್ದವರು ಮುಂದೆ ಹೋದ್ರು, ನಾವು ಕಾಗದದವರು ಡೇರೆಯಲ್ಲಿ ಒಂಬತ್ತು ದಿನ. ಆಯಿ ಕಳಿಸಿದ ಮಾವಿನಮಿಡಿ ಉಪ್ಪಿನಕಾಯಿ ಡಬ್ಬಿ ಚೀಲದಲ್ಲೇ ಇತ್ತು, ಮುಟ್ಟಲಿಲ್ಲ. ತಿಂದ್ರೆ ಬಾಯಾರ್ತದೆ, ನೀರೆಲ್ಲಿ? ಆಮೇಲೆ ಅಮ್ಮಾನಿನಿಂದ ಏರ್ ಇಂಡಿಯಾ. ಆ ವರ್ಷ ಹಾಗೆ 1,70,000ದಷ್ಟು ಜನರನ್ನ ತಂದ್ರು. ಟಿಕೆಟಿಗೆ ದುಡ್ಡು ಕೇಳಲಿಲ್ಲ. ಅದಕ್ಕೇ ನಾ ಹೇಳೂದು, ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡ. ಅದರೊಳಗೇ ಅಚ್ಚು ಹಾಕಿದ್ದಾರೆ ನೋಡು, ಇದು ಭಾರತ ಸರಕಾರದ ಸ್ವತ್ತು ಅಂತ. ಏಜೆಂಟನದ್ದೂ ಅಲ್ಲ, ಕಫೀಲನದ್ದೂ ಅಲ್ಲ.

ಊರಿಗೆ ಬಂದೆ, ಆಯಿ ಎಂತದೂ ಕೇಳಲಿಲ್ಲ. ಗಂಜಿ ಬಡಿಸಿದ್ಲು. ಬಡಿಸುವ ಕೈಯಲ್ಲಿ ಗಾಜಿನ ಬಳೆ ಎರಡೇ. ಪಾಟ್ಲಿ, ಅಂದ್ರೆ ಅವಳ ಚಿನ್ನದ ಬಳೆ, ನಾನು ಹೋಗುವಾಗ ಅಡವಿಟ್ಟದ್ದು, ಬಿಡಿಸೂಕೆ ಆಗಲೇ ಇಲ್ಲ. ಯಾಕೆ ಆಗಲಿಲ್ಲ? ನಾನು ಏಳು ವರ್ಷ ಕಳಿಸಿದ್ದು ಎಲ್ಲಿ ಹೋಯ್ತು? ಅಣ್ಣನ ಮಕ್ಕಳ ಇಂಜಿನಿಯರಿಂಗಿಗೆ ಹೋಯ್ತು. ಈ ಗ್ರೂಪಿನಲ್ಲೇ ಇದ್ದಾರೆ ಇಬ್ಬರೂ, ಕೇಳ್ಲಿ ಬೇಕಾದ್ರೆ. ಅಪ್ಪ ಕಾರವಾರದಿಂದ ಆಗಬೋಟು ಹತ್ತಿದ್ದು 1956ಕ್ಕಿಂತ ಮೊದಲು, ನಮ್ಮ ಜಿಲ್ಲೆ ಮುಂಬೈಗೇ ಸೇರಿದ್ದ ಕಾಲ. ಮುಂಬೈಯ ಹೋಟೆಲಿನಲ್ಲಿ ಲೋಟ ತೊಳೆದು ಕಳಿಸಿದ ಮನಿಯಾರ್ಡರಿನಲ್ಲಿ ಆಯಿ ಮಾಡಿಸ್ಕೊಂಡ ಪಾಟ್ಲಿ ಅದು. ಅಪ್ಪನ ಮುಂಬೈ ನನ್ನ ಕುವೈತಾಯ್ತು, ನನ್ನ ಕುವೈತು, ಅಣ್ಣನ ಮಕ್ಕಳೇ, ನಿಮ್ಮ ಅಮೇರಿಕ ಆಯ್ತು. ಹೋದ ಚೌತಿಗೆ ಹೊಸ ಮನೆ ತೋರ್ಸಿದ್ರಲ್ಲ, ದೇವರ ಕೋಣೆಗೆ ಇಟಲಿಯ ಕಲ್ಲು. ಆಯಿಯ ಫೋಟೋ ಎಲ್ಲಿ ಅಂದ್ರೆ, ಕಾಕಾ, ಫ್ರೇಮು ಇಂಟೀರಿಯರ್‌ಗೆ ಮ್ಯಾಚ್ ಆಗೂದಿಲ್ಲ ಅಂತ. ಮ್ಯಾಚ್! ನಾನು ಊಟ ಮಾಡ್ದೆ ಎದ್ದು ಬಂದದ್ದು ಅದಕ್ಕೇ, ಶುಗರಿಗೆ ಅಲ್ಲ.

ಬಿಡು. ಎಂತ ಹೇಳೂಕೆ ಹೊರಟಿದ್ದೆ... ಹಾಂ, ಏಜೆಂಟ. ಅವನ ಲೈಸೆನ್ಸ್ ನಂಬರು ಇಸ್ಕೊಂಡು ಸರಕಾರದ ಇ-ಮೈಗ್ರೇಟ್ ಸೈಟಿನಲ್ಲಿ ಹಾಕಿ ನೋಡು, ಹೆಸರು ಇಲ್ಲದಿದ್ರೆ ಅಲ್ಲಿಗೇ ಬಿಡು. ಇದ್ರೂ ಸರ್ವಿಸ್ ಚಾರ್ಜು ಅಂತ 30,000 ಮತ್ತೆ ಅದರ ಜಿಎಸ್‌ಟಿ, ಅದಕ್ಕಿಂತ ಹೆಚ್ಚು ತಗೊಳ್ಳೂಕೆ ಅವನಿಗೆ ಹಕ್ಕಿಲ್ಲ. ವಿಸಿಟ್ ವೀಸಾ ಬೇಡವೇ ಬೇಡ, ಕೆಲಸದ ವೀಸಾ ಬರ್ಲಿ. ತಮ್ಮನ ಪಾಸ್‌ಪೋರ್ಟಿನಲ್ಲಿ ಇಸಿಆರ್, ಅಂದ್ರೆ ಹೊರಡೂಕೆ ಸರಕಾರದ ಒಪ್ಪಿಗೆ ಬೇಕು, ಅಂತ ಬಿದ್ದಿದ್ಯಾ ನೋಡು. ಹತ್ತನೇ ಪಾಸು ಅಂತ ಸರ್ಟಿಫಿಕೇಟ್ ಕೊಟ್ಟಿದ್ರೆ ಬೀಳೂದಿಲ್ಲ, ಬಿದ್ದಿದ್ರೆ ಎಮಿಗ್ರೇಷನ್ ಕ್ಲಿಯರೆನ್ಸ್ ಆಗ್ದೆ ಹೊರಡೂಕಿಲ್ಲ. ಮತ್ತೆ, ಕೊಡಬೇಡ ಅಂದೆ ಅಲ್ವಾ, ವೀಸಾ ಸ್ಟಾಂಪಿಂಗಿಗೆ ಮಾತ್ರ ಕೊಡ್ಲೇಬೇಕಾಗ್ತದೆ. ಆಗ ರಸೀದಿ ಬರೆಸ್ಕೊ, ಕೆಲಸ ಮುಗಿದ ದಿನವೇ ವಾಪಸ್ ಇಸ್ಕೊ. ಎಲ್ಲ ಪುಟದ ಫೋಟೋ ತೆಗೆದು ನನಗೂ ಒಂದು ಕಳಿಸು.

ಎಂಟು ಗಂಟೆ ಮೇಲೆ ತಮ್ಮನಿಗೆ ಫೋನ್ ಮಾಡೂಕೆ ಹೇಳು. ಅದಕ್ಕೂ ಮೊದಲು ನಿನ್ನ ಕಾಕಿ ಟೀವಿ ಬಿಡೂದಿಲ್ಲ, ನನಗೆ ಎಂತದೂ ಕೇಳೂದಿಲ್ಲ.